ಹೋಗಿ ಕೇಳು, ಕ್ಯಾಸೆಟ್ಟನ್ನು ಮನೆಯಲ್ಲೇ ಬಿಟ್ಟು ಹೋಗು

ಹೋಗಬೇಕೋ ಬೇಡವೋ ಎಂದು ಕೇಳಿದ್ದೀಯಲ್ಲ, ಹೋಗು ಎಂಬುದೇ ನನ್ನ ಉತ್ತರ. ಕಾಲೇಜಿನ ದಿನಗಳಲ್ಲಿ ಯಾರ ಪೋಸ್ಟರ್ ಗೋಡೆಗೆ ಅಂಟಿಸಿ ಅಕ್ಕನ ಕೈಲಿ ಬೈಸಿಕೊಂಡಿದ್ದೆಯೋ ಆ ಹಾಡುಗಾರನಿಗೆ ಈಗ ಅರವತ್ತು ದಾಟಿದೆ. ನಿನ್ನ ಮುಂಗೂದಲೂ ಹಿಂದೆ ಸರಿದಿದೆ. ಅವನು ಮತ್ತೆ ಬರುತ್ತಿದ್ದಾನೆ. ಟಿಕೆಟ್ ಬೆಲೆ ನೋಡಿ ನಿನ್ನ ಹೆಂಡತಿ ಹುಬ್ಬೇರಿಸಿದ್ದಾಳೆ, ಯೂಟ್ಯೂಬಿನಲ್ಲಿ ಅವನ ಈಚಿನ ಹಾಡುಗಾರಿಕೆಯ ತುಣುಕು ನೋಡಿ ನೀನು ಹೆದರಿದ್ದೀಯ. "ಮಾವ, ಇರೋ ನೆನಪೂ ಕೆಟ್ಟುಹೋದ್ರೆ?" ಅಂತ ಬರೆದಿದ್ದೀಯ. ಹೆದರಿಕೆ ಸಹಜವೇ. ಆದರೂ ಬೇಡ ಎಂದು ಕೈಬಿಡುವ ಮೊದಲು ನನ್ನ ನಾಲ್ಕು ಮಾತು ಕೇಳು. ನಿನಗಿಂತ ಮೊದಲು ಆ ಹೆದರಿಕೆಯನ್ನು ದಾಟಿ ಬಂದವನು ನಾನು.

2003ರ ಏಪ್ರಿಲ್ 4ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ರೋಲಿಂಗ್ ಸ್ಟೋನ್ಸ್ ಹಾಡಿದಾಗ ನಾವಿಬ್ಬರೂ ಇದ್ದೆವಲ್ಲ. ಆ ತಂಡ ಭಾರತದಲ್ಲಿ ನೀಡಿದ ಮೊದಲ ಕಾರ್ಯಕ್ರಮ ಅದು. ಮೂರು ದಿನ ಬಿಟ್ಟು ಮುಂಬೈಯಲ್ಲಿ ಇನ್ನೊಂದು ನಡೆಯಿತು. ಸಾರ್ಸ್ ಕಾಯಿಲೆಯ ಭಯದಲ್ಲಿ ಅದೇ ಪ್ರವಾಸದ ಚೀನಾ ಕಾರ್ಯಕ್ರಮಗಳು ರದ್ದಾಗಿದ್ದವು, ಇಲ್ಲಿಗೂ ಬರುತ್ತಾರೋ ಇಲ್ಲವೋ ಎಂದು ಕೊನೆಯವರೆಗೂ ನನಗೆ ಅನುಮಾನವಿತ್ತು. ತಂಡದ ಹಾಡುಗಾರ ಮಿಕ್ ಜಾಗರ್‌ಗೆ ಆಗ ಐವತ್ತೊಂಬತ್ತು. ನಮ್ಮ ಬ್ಯಾಂಕಿನಲ್ಲಿ ಆ ವಯಸ್ಸಿಗೆ ಬಂದವರು ಬೀಳ್ಕೊಡುಗೆಗೆ ಹಾರ, ಶಾಲು, ಗೋಡೆ ಗಡಿಯಾರ ಯಾವುದು ಬರುತ್ತದೆಂದು ಲೆಕ್ಕ ಹಾಕುತ್ತಿದ್ದರು. ವೇದಿಕೆಯ ಈ ತುದಿಯಿಂದ ಆ ತುದಿಗೆ ಓಡುತ್ತಿದ್ದವನನ್ನು ತೋರಿಸಿ ನೀನು, "ಮಾವ, ತಾತ ಆಗೋ ವಯಸ್ಸಲ್ಲಿ ಏನು ಕುಣೀತಾನೆ ನೋಡಿ" ಎಂದಿದ್ದೆ. ಆಗಲೇ ತಾತನಾಗಿದ್ದ ಅವನು. ಇನ್ನು ಇವನನ್ನು ನೋಡುವ ಯೋಗ ನಮಗಿಲ್ಲ, ಮುಂದಿನ ಸಲದ ಹೊತ್ತಿಗೆ ಇವನೂ ಮನೆಯಲ್ಲಿ ಕೂತಿರುತ್ತಾನೆ ಎಂದು ನಾವು ಮಾತಾಡಿಕೊಂಡಿದ್ದೂ ಉಂಟು.

ಕೂರಲಿಲ್ಲ ಮಹರಾಯ. ಮಗಳ ಮನೆಗೆಂದು ಅಮೆರಿಕದ ಸನ್ನಿವೇಲ್‌ಗೆ ಹೋಗಿದ್ದಾಗ, ಪಕ್ಕದ ಊರು ಸಾಂತಾ ಕ್ಲಾರಾದ ಲೀವೈಸ್ ಸ್ಟೇಡಿಯಮ್ಮಿನಲ್ಲಿ ಅವರ ಕಾರ್ಯಕ್ರಮವಿದೆ ಎಂದು ಅಳಿಯಂದಿರು ಹೇಳಿದರು. 2024ರ ಜುಲೈ 17. ಇನ್ನು ಒಂಬತ್ತು ದಿನ ಕಳೆದರೆ ಜಾಗರ್‌ಗೆ ಎಂಬತ್ತೊಂದು ತುಂಬುವುದಿತ್ತು. ನಾನೂ ನಿನ್ನ ಹಾಗೆಯೇ ಹಿಂದೆ ಮುಂದೆ ನೋಡಿದೆ. ಡ್ರಮ್ಸ್ ನುಡಿಸುತ್ತಿದ್ದ ಚಾರ್ಲಿ ವಾಟ್ಸ್ ಇಲ್ಲ. 2021ರಲ್ಲಿ ಎಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡ. ಡ್ರಮ್ಸ್ ಮುಂದೆ ಸ್ಟೀವ್ ಜೋರ್ಡನ್ ಕೂತಿರುತ್ತಾನೆ. ಗಿಟಾರ್ ನುಡಿಸುವ ಕೀತ್ ರಿಚರ್ಡ್ಸ್ ಬೆರಳುಗಳಿಗೆ ಸಂಧಿವಾತ. ರಾನಿ ವುಡ್ ಶ್ವಾಸಕೋಶದ ಕ್ಯಾನ್ಸರಿನಿಂದ ಎದ್ದು ಬಂದವನು. ಜಾಗರ್ ಸ್ವತಃ 2019ರ ಏಪ್ರಿಲಿನಲ್ಲಿ ಹೃದಯದ ಕವಾಟ ಬದಲಿಸಿಕೊಂಡವನು. ಇವರನ್ನು ನೋಡಲು ಅಷ್ಟು ಡಾಲರ್ ಕೊಡುವುದಕ್ಕಿಂತ ಮನೆಯಲ್ಲಿ ಹಳೆಯ ರೆಕಾರ್ಡ್ ಹಾಕಿಕೊಂಡು ಕೂರುವುದು ಮೇಲಲ್ಲವೇ ಅನ್ನಿಸಿತ್ತು.

ಆ ಸಂಜೆಯ ಜಾತ್ರೆಯೇ ಒಂದು ತಮಾಷೆ. ಪಾರ್ಕಿಂಗಿನಿಂದ ಗೇಟಿನವರೆಗೆ ನಾಲಿಗೆ ಚಾಚಿದ ಚಿತ್ರದ ಟೀಶರ್ಟುಗಳು, ಅವುಗಳೊಳಗೆ ಬಿಳಿ ಗಡ್ಡಗಳು, ಮೊಣಕಾಲಿಗೆ ಪಟ್ಟಿ ಕಟ್ಟಿದವರು, ಮೊಮ್ಮಗನ ಹೆಗಲು ಹಿಡಿದು ಮೆಟ್ಟಿಲು ಏರುವವರು. ಕಾರನ್ನು ಯಾವ ಸಾಲಿನಲ್ಲಿ ನಿಲ್ಲಿಸಿದ್ದೆಂದು ಗಂಡ ಹೆಂಡತಿ ಇಬ್ಬರು ಅಪ್ಪಟ ಹಾಸನದ ಕನ್ನಡದಲ್ಲಿ ಜಗಳವಾಡುತ್ತಿದ್ದರು. ಪ್ರವಾಸದ ಪ್ರಾಯೋಜಕರು ಯಾರು ಗೊತ್ತೇ? ಎಎಆರ್‌ಪಿ. ಐವತ್ತು ದಾಟಿದವರ, ನಿವೃತ್ತರ ಹಿತ ನೋಡಿಕೊಳ್ಳುವ ಅಮೆರಿಕದ ದೊಡ್ಡ ಸಂಘ. ಯಾವ ತಂಡದ ಗಾಳಿ ಮಕ್ಕಳಿಗೆ ಸೋಕಬಾರದೆಂದು ಒಂದು ತಲೆಮಾರಿನ ಹೆತ್ತವರು ಹೆಣಗಿದ್ದರೋ, ಅದಕ್ಕೆ ಈಗ ಪಿಂಚಣಿದಾರರ ಆಶೀರ್ವಾದ! ನಲವತ್ತೈದರ ವಯಸ್ಸಿನಲ್ಲೂ 'ಸ್ಯಾಟಿಸ್‌ಫ್ಯಾಕ್ಷನ್' ಹಾಡುತ್ತಿರುವುದಕ್ಕಿಂತ ಸಾಯುವುದೇ ವಾಸಿ ಎಂದು ಜಾಗರ್ ಹರೆಯದಲ್ಲಿ ಆಡಿದ್ದನೆಂಬ ಮಾತು ಲೋಕಪ್ರಸಿದ್ಧ. 1965ರ ಹಾಡು ಅದು. ಅವತ್ತು ಕೊನೆಯಲ್ಲಿ ಹಾಡಿದ್ದೂ ಅದನ್ನೇ.

ಈಗ ಹಾಡಿನ ವಿಷಯಕ್ಕೆ ಬರುತ್ತೇನೆ. ಧ್ವನಿ ಹಾಗೆಯೇ ಇದೆ ಎಂದರೆ ಸುಳ್ಳು ಹೇಳಿದಂತೆ. ಸಾಲಿನ ಕೊನೆಯ ಅಕ್ಷರವನ್ನು ಎಳೆದು ನಿಲ್ಲಿಸಬೇಕಾದಲ್ಲಿ ಅವನು ಕಚ್ಚಿ ಬಿಟ್ಟುಬಿಡುತ್ತಿದ್ದ. ಕೆಲವು ಕಡೆ ಹಾಡುವುದನ್ನು ನಿಲ್ಲಿಸಿ ಮೈಕನ್ನು ಜನರತ್ತ ಹಿಡಿಯುತ್ತಿದ್ದ. ಮೊದಮೊದಲು ನಾನೂ ಲೆಕ್ಕಪರಿಶೋಧಕನ ಹಾಗೆ ಇಲ್ಲಿ ಒಂದು ಕಡಿಮೆ, ಅಲ್ಲಿ ಒಂದು ಕಡಿಮೆ ಎಂದು ಗುರುತು ಹಾಕುತ್ತ ಕೂತೆ. ಮೂರು ಹಾಡಾಗುವ ಹೊತ್ತಿಗೆ ಅವನು ಏನು ಮಾಡುತ್ತಿದ್ದಾನೆಂಬುದು ಕಣ್ಣಿಗೆ ಬೀಳತೊಡಗಿತು. ಉಸಿರನ್ನು ಅವನು ದುಡ್ಡಿನ ಹಾಗೆ ಎಣಿಸಿ ಖರ್ಚು ಮಾಡುತ್ತಿದ್ದ. ಓಡುವ ಹಾಡಿನಲ್ಲಿ ಸಾಲುಗಳು ಚಿಕ್ಕವು, ನಿಂತು ಹಾಡುವಾಗ ಮಾತ್ರ ಉದ್ದ ಸ್ವರ. ಪಕ್ಕದಲ್ಲಿ ಹಾಡುವ ಹೆಣ್ಣುಮಗಳಿಗೆ ಎತ್ತರದ ಭಾಗವನ್ನು ಬಿಟ್ಟುಕೊಟ್ಟು ತಾನು ಕೆಳಗೆ ಉಳಿಯುತ್ತಿದ್ದ. ಅದೇನು ಅಸಹಾಯಕತೆ ಅನ್ನಿಸಲಿಲ್ಲ, ಇಬ್ಬರೂ ಹಂಚಿಕೊಂಡಂತಿತ್ತು. ನಡುವೆ ಎಂದಿನಂತೆ ಕೀತ್ ಒಂದೆರಡು ಹಾಡು ತಾನೇ ಹಾಡಿದ. ಅಷ್ಟು ಹೊತ್ತು ಜಾಗರ್ ಮರೆಗೆ ಸರಿದಿದ್ದ. ಬೆಂಗಳೂರಿನಲ್ಲೂ ಹೀಗೇ ಹೋಗಿದ್ದನಲ್ಲ, ಆಗ ನಾವು ಅದನ್ನು ಕಾಫಿ ಕುಡಿಯುವ ಬಿಡುವು ಎಂದುಕೊಂಡಿದ್ದೆವು. ಎಂಬತ್ತರಲ್ಲಿ ನಿಂತು ನೋಡಿದರೆ ಅದು ಎರಡು ಗಂಟೆಯ ಕಾರ್ಯಕ್ರಮದ ಬೆನ್ನೆಲುಬು.

ಇದೆಲ್ಲ ಮುಪ್ಪಿನಲ್ಲಿ ಕಲಿತ ಚತುರತೆ ಎಂದುಕೊಳ್ಳಬೇಡ. ಅವನಪ್ಪ ಶಾಲೆಯ ವ್ಯಾಯಾಮದ ಮೇಷ್ಟ್ರು. ಮೈಯನ್ನು ಸಾಮು ಮಾಡಿ ಇಟ್ಟುಕೊಳ್ಳುವ ಪಾಠ ಮನೆಯಲ್ಲೇ ಸಿಕ್ಕಿತ್ತು. ಕವಾಟ ಬದಲಿಸಿಕೊಂಡ ಮರುತಿಂಗಳೇ ಕುಣಿಯುವ ಅಭ್ಯಾಸದ ವಿಡಿಯೊ ಹಾಕಿದ, ಜೂನ್ ತಿಂಗಳಲ್ಲಿ ಶಿಕಾಗೋದ ವೇದಿಕೆಯ ಮೇಲಿದ್ದ. ಕೀತ್‌ನದು ಇನ್ನೊಂದು ದಾರಿ. ಅರ್ಧ ಶತಮಾನಕ್ಕೂ ಹಿಂದೆ ಗಿಟಾರಿನ ಆರನೆಯ ತಂತಿಯನ್ನೇ ಕಿತ್ತುಹಾಕಿ, ಉಳಿದ ಐದನ್ನು ತನಗೆ ಬೇಕಾದಂತೆ ಶ್ರುತಿ ಮಾಡಿಕೊಂಡವನು ಅವನು. ಅವನ ಹೆಸರಾಂತ ಹಾಡುಗಳೆಷ್ಟೋ ಆ ಐದು ತಂತಿಗಳಲ್ಲಿ ಹುಟ್ಟಿದವು. ಕಡಿಮೆ ಸ್ವರದಲ್ಲಿ ಹೆಚ್ಚು ಹೇಳುವ ರೂಢಿ ಬೆರಳು ಚೆನ್ನಾಗಿದ್ದಾಗಲೇ ಇತ್ತು. ಸಂಧಿವಾತದಿಂದ ನುಡಿಸುವ ರೀತಿ ಬದಲಾಗಿದೆ ಎಂದು ಅವನೇ ಒಪ್ಪಿಕೊಂಡಿದ್ದಾನೆ. ಬಿಟ್ಟ ಜಾಗಗಳು ಹೆಚ್ಚಾಗಿವೆ, ನಿಜ. ನನ್ನ ಕಿವಿಗೆ ಆ ಜಾಗಗಳೇ ರುಚಿಸಿದವು.

ಗಂಟಲಿನ ಸಂಗತಿ ಸ್ವಲ್ಪ ತಿಳಿದುಕೊಂಡು ಹೋಗು, ಕೋಪ ಕಡಿಮೆಯಾಗುತ್ತದೆ. ವಯಸ್ಸಾದಂತೆ ಧ್ವನಿತಂತುಗಳ ಮಾಂಸ ಸವೆಯುತ್ತದೆ. ಎರಡೂ ಸರಿಯಾಗಿ ಕೂಡಿಕೊಳ್ಳದೆ ನಡುವೆ ಸಂದು ಉಳಿದು ಗಾಳಿ ಸೋರುತ್ತದೆ. ಸ್ವರ ತೆಳುವಾಗಿ, ಉಸಿರು ಬೆರೆತಂತೆ ಕೇಳುವುದು ಅದಕ್ಕೇ. ಧ್ವನಿಪೆಟ್ಟಿಗೆಯ ಮೃದು ಎಲುಬು ಗಟ್ಟಿಯಾಗುತ್ತ ಹೋಗುತ್ತದೆ, ಎದೆಗೂಡು ಬಿಗಿಯುತ್ತದೆ, ಶ್ವಾಸಕೋಶ ಮೊದಲಿನ ಹಾಗೆ ಹಿಗ್ಗಿ ಕುಗ್ಗುವುದಿಲ್ಲ. ಸಾಮಾನ್ಯವಾಗಿ ಗಂಡಸರ ಮಾತಿನ ದನಿ ಮುಪ್ಪಿನಲ್ಲಿ ತುಸು ಏರುತ್ತದೆ, ಹೆಂಗಸರದು ಇಳಿಯುತ್ತದೆ. ಎತ್ತರದ ಸ್ವರಕ್ಕೆ ತಂತು ಹಿಗ್ಗಬೇಕು, ಉಸಿರಿನ ಒತ್ತಡವೂ ಬೇಕು. ಎರಡೂ ಒಟ್ಟಿಗೆ ಕೈಕೊಡುತ್ತವೆ. ಅದರ ಮೇಲೆ ರಾಕ್ ಹಾಡುಗಾರನು ಇಪ್ಪತ್ತರ ಹರೆಯದಲ್ಲಿ, ಮುಂದೆ ನಲವತ್ತು ವರ್ಷ ಇದನ್ನೇ ಹಾಡಬೇಕಾಗುತ್ತದೆಂಬ ಯೋಚನೆಯೇ ಇಲ್ಲದೆ, ಗಂಟಲು ಹರಿಯುವ ಎತ್ತರದಲ್ಲಿ ಹಾಡು ಕಟ್ಟಿಬಿಟ್ಟಿರುತ್ತಾನೆ. ಆ ಹುಡುಗ ಮಾಡಿದ ಸಾಲವನ್ನು ಈ ಮುದುಕ ತೀರಿಸುತ್ತಿದ್ದಾನೆ. ಜಾಗರ್ ಪಾಲಿಗೆ ಬ್ಲೂಸ್ ಕಾಪಾಡಿತು. ಮೊದಲಿನಿಂದಲೂ ಅವನದು ಆಡಿದಂತೆ ಹಾಡುವ ರೀತಿ, ಕೀರಲು ಏರುದನಿಯನ್ನು ನಂಬಿಕೊಂಡವನಲ್ಲ. ನಿನ್ನವನು ಹಾಗಲ್ಲ, ಕಿರುಚಿಯೇ ಹೆಸರು ಮಾಡಿದವನು. ಅವನಿಗೆ ಕಷ್ಟ ಹೆಚ್ಚು.

ಇನ್ನೊಂದು ಮಾತು. ಧಾರವಾಡದ ಕಡೆಯ ಹಿರಿಯ ಗಾಯಕರನ್ನು ಕೇಳಿದವರು ಹೀಗೆ ಹೆದರುವುದಿಲ್ಲ, ಗಮನಿಸಿದ್ದೀಯಾ? ಮಲ್ಲಿಕಾರ್ಜುನ ಮನ್ಸೂರರನ್ನು ಎಪ್ಪತ್ತರ ವಯಸ್ಸಿನಲ್ಲಿ ಕೇಳಲು ಜನ ಮುಗಿಬೀಳುತ್ತಿದ್ದರು. ದನಿ ನವೆದಿದೆ ಎಂದು ಯಾರೂ ಮನೆಯಲ್ಲಿ ಉಳಿಯಲಿಲ್ಲ. ಗಂಗೂಬಾಯಿ ಹಾನಗಲ್ಲರ ಮೊದಲ ರೆಕಾರ್ಡುಗಳಲ್ಲಿ ಸಣ್ಣಗೆ ಎತ್ತರದಲ್ಲಿ ಹರಿಯುವ ಕಂಠವಿದೆ. ಗಂಟಲಿನ ಚಿಕಿತ್ಸೆಯ ನಂತರ ಅದು ಗಂಡುದನಿಯಾಯಿತು; ನಾಡು ತಲೆಬಾಗಿದ್ದು ಆ ಎರಡನೆಯ ಕಂಠಕ್ಕೆ. ರಾಗ ಹಾಡುವವರು ತಮ್ಮ ಶ್ರುತಿ ತಾವೇ ಇಟ್ಟುಕೊಳ್ಳಬಹುದು, ಇವತ್ತು ಮಂದ್ರದಲ್ಲಿ ಹೆಚ್ಚು ಹೊತ್ತು ಕೂರಬಹುದು. ರಾಕ್ ಹಾಡಿಗೆ ಆ ಸ್ವಾತಂತ್ರ್ಯ ಕಡಿಮೆ. ಸ್ಟುಡಿಯೊದಲ್ಲಿ ಒಂದು ದಿನ ಹಾಡಿದ್ದು ಲಕ್ಷಗಟ್ಟಲೆ ಪ್ರತಿಯಾಗಿ ನಮ್ಮ ನಿಮ್ಮ ಮನೆಗಳಲ್ಲಿ ನಿಂತುಬಿಟ್ಟಿದೆ. ನೀನು ಸಾವಿರ ಸಲ ಕೇಳಿದ್ದು ಆ ಒಂದೇ ದಿನವನ್ನು. ಅವನು ಪ್ರತಿ ಸಂಜೆ ಹೊಸದಾಗಿ ಹಾಡುತ್ತಾನೆ, ನೀನು ಪ್ರತಿ ಸಂಜೆ ಅದೇ ದಿನದ ಜೊತೆ ತೂಗುತ್ತೀಯ. ತಕರಾರಿನ ಮುಕ್ಕಾಲು ಪಾಲು ಅಲ್ಲಿದೆ ಕಣೋ.

ಆದ್ದರಿಂದ ನನ್ನ ಮುಖ್ಯ ಸಲಹೆ ಇದು: ಹೋಗುವ ಹಿಂದಿನ ವಾರ ಆ ಹಾಡುಗಳನ್ನು ಹಾಕಿಕೊಳ್ಳಬೇಡ. ಎಲ್ಲರೂ ಮಾಡುವುದು ತಿರುಗಾಮುರುಗಾ. ದಾರಿಯುದ್ದಕ್ಕೂ ಕಾರಿನಲ್ಲಿ ಅದೇ ಆಲ್ಬಮ್ ಕೇಳುತ್ತ ಹೋಗುತ್ತಾರೆ. ಇಪ್ಪತ್ತೆರಡರ ಗಂಟಲನ್ನು ಕಿವಿಯಲ್ಲಿ ತುಂಬಿಕೊಂಡು ಗೇಟಿನೊಳಗೆ ಕಾಲಿಟ್ಟರೆ ಅರವತ್ತರ ಗಂಟಲಿಗೆ ನ್ಯಾಯ ಸಿಗುವುದಾದರೂ ಹೇಗೆ? ಬೇಕಿದ್ದರೆ ಅವನ ಈಚಿನ ಆಲ್ಬಮ್ ಕೇಳು. ಹೊಸ ಹಾಡು ಬಂದಾಗ ತಿಂಡಿ ತರಲು ಎದ್ದು ಹೋಗುವ ಗುಂಪಿಗೆ ಸೇರಬೇಡ. ಸ್ಟೋನ್ಸ್ 2023ರ ಅಕ್ಟೋಬರಿನಲ್ಲಿ 'ಹ್ಯಾಕ್ನಿ ಡೈಮಂಡ್ಸ್' ತಂದರು. ತಾವೇ ಬರೆದ ಹೊಸ ಹಾಡುಗಳ ಆಲ್ಬಮ್ ಬಂದು ಹದಿನೆಂಟು ವರ್ಷವಾಗಿತ್ತು. ಸಾಂತಾ ಕ್ಲಾರಾದಲ್ಲಿ ಆ ಹಾಡುಗಳ ಹೊತ್ತಿಗೆ ಜಾಗರ್ ಹೆಚ್ಚು ಸಲೀಸಾಗಿದ್ದ ಎಂದೇ ನನ್ನ ಅನಿಸಿಕೆ. ಎಪ್ಪತ್ತರ ಆಚೆಯ ಗಂಟಲಿಗೆಂದು ಎಪ್ಪತ್ತರ ಆಚೆಯವರೇ ಕಟ್ಟಿದ ಹಾಡು ಅವು, ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿದ್ದವು.

ಶ್ರುತಿ ಇಳಿಸಿದ್ದರೆ ಮೂಗು ಮುರಿಯಬೇಡ. ಅರ್ಧ ಮನೆಯೋ ಒಂದು ಮನೆಯೋ ಇಳಿಸಿಕೊಂಡು ಹಾಡುವುದು ಮರ್ಯಾದಸ್ಥರ ದಾರಿ. ಜನರ ಕೈಲಿ ಹಾಡಿಸುವುದೂ ತಪ್ಪಲ್ಲ, ಭಜನೆಯಲ್ಲಿ ನಾವು ಮಾಡುವುದು ಮತ್ತೇನು. ಒಂದನ್ನು ಮಾತ್ರ ನಾನು ಒಪ್ಪುವುದಿಲ್ಲ. ಹಳೆಯ ಧ್ವನಿಯನ್ನು ಹಿಂದಿನಿಂದ ಟ್ರ್ಯಾಕ್ ಹಾಕಿ ಬಾಯಾಡಿಸುವುದು. ಇದು ಅಲ್ಲಲ್ಲಿ ನಡೆಯುತ್ತದೆ. ತುಟಿ ಮೈಕಿನಿಂದ ದೂರ ಸರಿದರೂ ದನಿ ಹಾಗೇ ಇದ್ದರೆ, ಓಡಿ ಬಂದು ನಿಂತವನ ಸ್ವರದಲ್ಲಿ ಏದುಸಿರೇ ಇಲ್ಲದಿದ್ದರೆ ಅನುಮಾನಪಡು. ಅಂಥವನಿಗೆ ಇನ್ನೊಮ್ಮೆ ದುಡ್ಡು ಕೊಡಬೇಡ. ಒಡೆದ ದನಿಗೆ ಕೊಡು, ಪರವಾಗಿಲ್ಲ.

"ಮುಂದಿನ ಸಲ ನೋಡಿದರಾಯಿತು" ಎನ್ನುವ ಮಾತನ್ನಂತೂ ಬಿಟ್ಟೇಬಿಡು. 2007ರ ಜೂನ್‌ನಲ್ಲಿ ಅರಮನೆ ಮೈದಾನಕ್ಕೆ ಏರೋಸ್ಮಿತ್ ತಂಡ ಬಂದಾಗ ಪರೀಕ್ಷೆ ಇದೆ ಎಂದು ನೀನು ಹೋಗಲಿಲ್ಲ. ಅದರ ಹಾಡುಗಾರ ಸ್ಟೀವನ್ ಟೈಲರ್ 2023ರ ಸೆಪ್ಟೆಂಬರಿನಲ್ಲಿ ವೇದಿಕೆಯ ಮೇಲೆ ಗಂಟಲಿಗೆ ಪೆಟ್ಟು ಮಾಡಿಕೊಂಡ. ಅದು ಪೂರ್ತಿ ವಾಸಿಯಾಗುವುದಿಲ್ಲವೆಂದು ತಿಳಿದು 2024ರ ಆಗಸ್ಟಿನಲ್ಲಿ ತಂಡ ಪ್ರವಾಸಕ್ಕೇ ತೆರೆ ಎಳೆಯಿತು. 2002ರಲ್ಲಿ ಬೆಂಗಳೂರಿನಲ್ಲಿ ಹಾಡಿದ್ದ ಎಲ್ಟನ್ ಜಾನ್ 2023ರ ಜುಲೈನಲ್ಲಿ ಸ್ಟಾಕ್‌ಹೋಮಿನಲ್ಲಿ ವಿದಾಯದ ಪ್ರವಾಸ ಮುಗಿಸಿದ. ಅವನ ಗಂಟಲಿಗೆ 1987ರಲ್ಲೇ ಶಸ್ತ್ರಚಿಕಿತ್ಸೆಯಾಗಿ ಮೇಲಿನ ಎಳೆದನಿ ಹೋಗಿತ್ತು. ಆಮೇಲೆ ಮೂವತ್ತಾರು ವರ್ಷ ಕೆಳಗಿನ ದನಿಯಲ್ಲೇ ದುಡಿದ. ಇನ್ನು ಆಜಿ ಆಸ್‌ಬೋರ್ನ್. 2025ರ ಜುಲೈ 5ರಂದು ತನ್ನೂರು ಬರ್ಮಿಂಗ್‌ಹ್ಯಾಮಿನ ವಿಲ್ಲಾ ಪಾರ್ಕಿನಲ್ಲಿ ಸಿಂಹಾಸನದಂಥ ಕುರ್ಚಿಯಲ್ಲಿ ಕೂತೇ ಹಾಡಿದ, ಪಾರ್ಕಿನ್ಸನ್ ಕಾಯಿಲೆಯಿಂದ ನಿಲ್ಲಲು ಆಗುತ್ತಿರಲಿಲ್ಲ. ಅದೇ ತಿಂಗಳ 22ಕ್ಕೆ ಹೋಗಿಬಿಟ್ಟ. ಅವತ್ತು ಸ್ವರ ಎಷ್ಟು ಸಲ ಜಾರಿತು ಎಂದು ಅಲ್ಲಿದ್ದವರಲ್ಲಿ ಯಾರಾದರೂ ಎಣಿಸಿದ್ದರೆ ಅವರ ಬಗ್ಗೆ ನನಗೆ ಕನಿಕರವಿದೆ.

ನಿಲ್ಲಿಸುವುದೂ ಒಂದು ದಾರಿಯೇ, ಅದನ್ನು ಹಗುರ ಮಾಡುವುದಿಲ್ಲ. ನಮ್ಮ ಎಸ್. ಜಾನಕಿಯವರು 2017ರಲ್ಲಿ ಮೈಸೂರಿನಲ್ಲಿ ಹಾಡಿ, ಇನ್ನು ವೇದಿಕೆ ಸಾಕು ಎಂದರು. ಅಭಿಮಾನಿಗಳು ಅತ್ತರು. ನನಗೆ ಅದರಲ್ಲಿ ಗತ್ತು ಕಂಡಿತ್ತು. ಎಂಬತ್ತೊಂದರ ಹೊಸ್ತಿಲಲ್ಲಿ ಜಾಗರ್ ಕುಣಿಯುವುದರಲ್ಲೂ ಗತ್ತು ಇದೆ. ಯಾರು ಎಲ್ಲಿ ನಿಲ್ಲಿಸಬೇಕೆಂದು ಹೇಳಲು ನೀನು ನಾನು ಯಾರು? ಟಿಕೆಟ್ ಕೊಂಡ ಮಾತ್ರಕ್ಕೆ ಆ ಅಧಿಕಾರ ಬರುವುದಿಲ್ಲ.

ನಿನ್ನ ಭಯದ ಇನ್ನೊಂದು ಮಗ್ಗುಲನ್ನೂ ಹೇಳಿಬಿಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ಅವನು ಮುದುಕನಾಗಿರುವುದನ್ನು ನೋಡಲು ನೀನು ಹೆದರುತ್ತಿಲ್ಲ. ಅವನನ್ನು ನೋಡಿದ ಕೂಡಲೇ ನಿನಗೆ ಎಷ್ಟಾಯಿತೆಂಬುದು ಹೊಳೆಯುತ್ತದಲ್ಲ, ಅದಕ್ಕೆ ಹೆದರಿದ್ದೀಯ. ನನಗೆ ಲೀವೈಸ್ ಸ್ಟೇಡಿಯಮ್ಮಿನಲ್ಲಿ ಅದು ಹೊಳೆದದ್ದು ಹಾಡಿನಿಂದಲ್ಲ, ಎರಡನೇ ಮಹಡಿಯ ಮೆಟ್ಟಿಲಿನಿಂದ! ಅಲ್ಲಿ ಉಸಿರು ಬಿಡುತ್ತ ನಿಂತವನು ನಾನು, ಕೆಳಗೆ ಓಡುತ್ತಿದ್ದವನು ನನಗಿಂತ ಹದಿನೈದು ವರ್ಷ ದೊಡ್ಡವನು. ಮಗಳು ನೀರಿನ ಬಾಟಲಿ ಕೊಟ್ಟು ಏನೂ ಮಾತಾಡಲಿಲ್ಲ, ಜಾಣೆ.

ಉಳಿದದ್ದು ವ್ಯವಹಾರದ ಮಾತು. ವೇದಿಕೆಯ ಕಾಲಬುಡದ ದುಬಾರಿ ಟಿಕೆಟ್ ಬೇಡ. ಅಲ್ಲಿ ನಾಲ್ಕೈದು ಗಂಟೆ ನಿಲ್ಲಬೇಕು, ಮುಂದಿನವನ ಬೆನ್ನು ನೋಡಬೇಕು. ಧ್ವನಿ ನಿಯಂತ್ರಿಸುವವರು ಕೂರುವ ಕಟ್ಟೆ ಮೈದಾನದ ನಡುವೆ ಇರುತ್ತದೆ. ಅದರ ಆಸುಪಾಸಿನಲ್ಲಿ ಜಾಗ ಸಿಕ್ಕರೆ ಹಿಡಿ. ಅಲ್ಲಿ ಕೇಳಿಸುವುದನ್ನೇ ಅವರು ಸರಿಮಾಡುತ್ತಿರುತ್ತಾರೆ, ಪರದೆಯೂ ಕಾಣುತ್ತದೆ, ವೇದಿಕೆಯೂ ಕಾಣುತ್ತದೆ. ಪರದೆಯನ್ನು ಆಗಾಗ ನೋಡು. ಮುದುಕನ ಕೈ, ಅವನು ಡ್ರಮ್ಸ್‌ನವನಿಗೆ ಮಾಡುವ ಕಣ್ಸನ್ನೆ, ಹಾಡಿನ ನಡುವೆ ನುಂಗುವ ಗುಟುಕು ನೀರು ಎಲ್ಲ ಅಲ್ಲೇ ಕಾಣುವುದು. ಫೋನ್ ಎತ್ತಿ ಹಿಡಿದು ಚಿತ್ರೀಕರಿಸಬೇಡ. ಆಮೇಲೆ ಆ ಪುಟ್ಟ ಸ್ಪೀಕರಿನಲ್ಲಿ ಅವನ ದನಿ ಇದ್ದುದಕ್ಕಿಂತ ಕೆಟ್ಟದಾಗಿ ಕೇಳುತ್ತದೆ, ಸ್ನೇಹಿತರ ಗುಂಪಿಗೆ ಕಳಿಸಿ ಅವನ ಮಾನ ಕಳೆಯುತ್ತೀಯ. ನಿನ್ನನ್ನು ಹೆದರಿಸಿದ ತುಣುಕೂ ಅಂಥದ್ದೇ ಯಾರೋ ಹಿಡಿದದ್ದು.

ಕಿವಿಗೆ ಇಯರ್‌ಪ್ಲಗ್ ಕೊಂಡುಕೋ; ಔಷಧಿ ಅಂಗಡಿಯ ಹತ್ತಿ ಸಾಲದು. ನೂರು ಡೆಸಿಬೆಲ್ ಸದ್ದಿನಲ್ಲಿ ಹದಿನೈದು ನಿಮಿಷಕ್ಕಿಂತ ಹೆಚ್ಚು ಹೊತ್ತು ಬರಿಗಿವಿಯಲ್ಲಿ ಇರಬಾರದೆಂದು ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಲೆಕ್ಕ. ಇಂಥ ಕಾರ್ಯಕ್ರಮಗಳು ಸುಲಭವಾಗಿ ಆ ಮಟ್ಟ ಮುಟ್ಟುತ್ತವೆ. ಸಂಗೀತಕ್ಕೆಂದೇ ಮಾಡಿದ ಪ್ಲಗ್‌ಗಳು ಸದ್ದನ್ನು ತಗ್ಗಿಸುತ್ತವೆ, ಮಾತು ಕೆಡಿಸುವುದಿಲ್ಲ. ಅರಮನೆ ಮೈದಾನದಿಂದ ಬಂದ ಮೇಲೆ ಎರಡು ದಿನ ನನ್ನ ಎಡಗಿವಿ ಗುಂಯ್‌ಗುಟ್ಟಿತ್ತು, ನಿನ್ನತ್ತೆ ಕರೆದರೆ ಕೇಳಿಸುತ್ತಿರಲಿಲ್ಲ. ಬೇಕಂತಲೇ ಕೇಳಿಸಿಕೊಳ್ಳುತ್ತಿಲ್ಲ ಎಂದು ಅವಳು ಇವತ್ತಿಗೂ ನಂಬಿದ್ದಾಳೆ.

ಸ್ನೇಹಿತರ ಹಿಂಡು ಕಟ್ಟಿಕೊಂಡು ಹೋಗಬೇಡ. ಅವರು ಇಡೀ ಸಂಜೆ ಹಾಸ್ಟೆಲ್ಲಿನ ಕಥೆ ಹೇಳುತ್ತಾರೆ, ನೀನೂ ಹೇಳುತ್ತೀಯ. ನಿನ್ನ ಮಗಳನ್ನು ಕರೆದುಕೊಂಡು ಹೋಗು. ಅವಳಿಗೆ ಆ ಕ್ಯಾಸೆಟ್ಟೂ ಗೊತ್ತಿಲ್ಲ, ಪೋಸ್ಟರೂ ಗೊತ್ತಿಲ್ಲ. ಅವಳು ಕೇಳುವುದು ಇವತ್ತಿನವನನ್ನು ಮಾತ್ರ. "ಮುಂಚೆ ಹೇಗೆ ಹಾಡ್ತಿದ್ದ ಗೊತ್ತಾ" ಎಂದು ಪ್ರತಿ ಹಾಡಿಗೂ ಅವಳ ಕಿವಿ ಕಚ್ಚಬೇಡ. ಅವಳು ಬೇಜಾರಾಗಿದೆ ಎಂದರೆ ಅರ್ಧಕ್ಕೇ ಎದ್ದು ಬಾ, ಅದಕ್ಕೂ ದುಃಖಪಡಬೇಡ. ಅವಳು ಕೂತಿದ್ದರೆ ಕೊನೆಯ ಹಾಡಿನವರೆಗೆ ಇರು, ಮೆಟ್ರೊ ತಪ್ಪಿದರೂ ಚಿಂತೆಯಿಲ್ಲ, ಆಟೊ ಸಿಗುತ್ತದೆ. ಟಿಕೆಟ್ ದುಡ್ಡಿಗೆ ನಿನ್ನ ಹೆಂಡತಿ ಕೊಂಕು ತೆಗೆದರೆ ಮಾವ ಕೊಟ್ಟರು ಎಂದು ಹೇಳು. ನಾಳೆಯೇ ಕಳಿಸುತ್ತೇನೆ, ಇಬ್ಬರಿಗೂ ಆಗುವಷ್ಟು.